ಹಿಂದಿನಿಂದ

ಮೆಲ್ಲಕ್ಕ ಅನ್ನುವುದು ಆಫೀಸಿನವರು ಇಟ್ಟ ಹೆಸರು. ಮಾತು ತೊದಲುತ್ತದೆ, ಅಷ್ಟಕ್ಕೇ. ಅವಳು ಒಂದಕ್ಷರ ಹಿಡಿದುಕೊಂಡು ಒದ್ದಾಡುತ್ತಿದ್ದರೆ ಎದುರಿನವರಿಗೆ ತಡೆಯುವುದಿಲ್ಲ; ಉಳಿದದ್ದನ್ನು ತಾವೇ ಹೇಳಿ ಮುಗಿಸಿ, ದೊಡ್ಡ ಉಪಕಾರ ಮಾಡಿದವರ ಹಾಗೆ ನಗುತ್ತಾರೆ. ಹತ್ತಕ್ಕೆ ಎಂಟು ಸಲ ತಪ್ಪು ಹೇಳುತ್ತಾರೆ. ಅದನ್ನು ತಿದ್ದುವ ಹೊತ್ತಿಗೆ ಮಾತು ಎಲ್ಲಿಗೋ ಹೋಗಿರುತ್ತದೆ. ಅವಳಿಗೆ ಮೈಯೆಲ್ಲ ಉರಿಯುತ್ತದೆ. ಯಾರಿಗೆ ಉರಿಯುವುದಿಲ್ಲ ಹೇಳಿ?

ಆಸ್ಪತ್ರೆಗಳಿಗೆ ಸ್ಕ್ಯಾನ್ ಚಿತ್ರ ತೋರಿಸುವ ಪ್ರೋಗ್ರಾಂ ಅವರ ಕಂಪನಿಯದು. ಒಬ್ಬ ರೋಗಿಗೆ ಒಂದು ಫೈಲು. ಅದರಲ್ಲಿ ತಲೆಯಿಂದ ಕಾಲಿನವರೆಗೆ ಸಾವಿರಾರು ಚಿತ್ರ. ಡಾಕ್ಟರಿಗೆ ಮುಂದೆ ಬೇಕಾಗುವ ಚಿತ್ರವನ್ನು ಪ್ರೋಗ್ರಾಮೇ ಮುಂಚಿತವಾಗಿ ಓದಿಟ್ಟುಕೊಳ್ಳುವಂತೆ ಮೆಲ್ಲಕ್ಕ ಮೂರು ತಿಂಗಳು ಕೂತು ಬರೆದಿದ್ದಳು. ಅದನ್ನು ಉಳಿಸುವುದೋ ಕಿತ್ತು ಹಾಕುವುದೋ ಅಂತ ಇವತ್ತಿನ ಮೀಟಿಂಗಿನಲ್ಲಿ ತೀರ್ಮಾನ.

“ಆಪರೇಟಿಂಗ್ ಸಿಸ್ಟಮ್ ಇರೋದೇ ಯಾಕಮ್ಮಾ?” ಅಂದರು ಮ್ಯಾನೇಜರು. “ನಾವು ಫೈಲನ್ನ ಸಾಲಾಗಿ ಓದ್ತಿದೀವಿ ಅಂತ ಗೊತ್ತಾದ್ರೆ ಸಾಕು, ಕೇಳೋ ಮೊದ್ಲೇ ಮುಂದಿನ ಭಾಗ ತಂದು ಮೆಮೊರೀಲಿ ಇಟ್ಟಿರುತ್ತೆ. ಅದನ್ನ ಬರೆದೋರಿಗಿಂತ ನಿಂಗೆ ಜಾಸ್ತಿ ಗೊತ್ತಾ?”

ಗೋಡೆಯ ಪರದೆಯ ಮೇಲೆ ಪರೀಕ್ಷೆ ಓಡಿಸಿದರು. ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ ಓದುವುದನ್ನು ಆಪರೇಟಿಂಗ್ ಸಿಸ್ಟಮ್ಮಿಗೆ ಬಿಟ್ಟರೆ ನಾಲ್ಕು ಸೆಕೆಂಡು, ಮೆಲ್ಲಕ್ಕನದಕ್ಕೆ ನಾಲ್ಕೂವರೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮೆಲ್ಲಕ್ಕ ಎದ್ದು ನಿಂತಳು. “ಹಿ... ಹಿ...”

“ಹಿಂದಿನ ವರ್ಷದ ಕಂಪ್ಯೂಟರ್ ಅಂತೀಯಾ? ಅಲ್ಲಮ್ಮಾ, ಹೊಸದೇ.”

“ಅ... ಅಲ್ಲ. ಹಿ...”

“ಹಿಂದೆ ಸರೀತೀನಿ ಅಂತಾನಾ? ಜಾಣೆ!”

ಅಯ್ಯೋ, ಇವರ ಬಾಯಿಗಿಷ್ಟು ಮಣ್ಣು ಹಾಕ! ಮೆಲ್ಲಕ್ಕ ಸೀದಾ ಹೋಗಿ ಮ್ಯಾನೇಜರ ಮುಂದಿದ್ದ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು. ಇದನ್ನು ಬರೆಯುವ ಮೊದಲು ಎರಡು ದಿನ ಅವಳು ಆಸ್ಪತ್ರೆಯ ಸ್ಕ್ಯಾನ್ ಕೋಣೆಯಲ್ಲಿ, ಡಾಕ್ಟರಮ್ಮನ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಡಾಕ್ಟರಮ್ಮ ಒಂದು ಸಲವೂ ತಲೆಯಿಂದ ಶುರು ಮಾಡಲಿಲ್ಲ. ಕಾಲಿನಿಂದ ಮೇಲಕ್ಕೆ, ಕೊನೆಯ ಚಿತ್ರದಿಂದ ಮೊದಲಿನದಕ್ಕೆ. ಪ್ರತಿ ಚಿತ್ರಕ್ಕೂ ಪರದೆ ತಡವರಿಸುತ್ತಿತ್ತು. “ಹೊರಗೆ ಇಪ್ಪತ್ತು ಜನ ಕೂತಿದಾರೆ, ಇದು ನೋಡಿದ್ರೆ ಹೀಗೆ” ಅಂತ ಡಾಕ್ಟರಮ್ಮ ಹಣೆ ಚಚ್ಚಿಕೊಂಡಿದ್ದರು. ಇದನ್ನೆಲ್ಲ ಈ ಕೋಣೆಯಲ್ಲಿ ಯಾರು ಕೇಳಿದ್ದರು?

ಮೆಮೊರಿಯಲ್ಲಿ ಹಳೆಯದೇನೂ ಉಳಿಯದ ಹಾಗೆ ಕಂಪ್ಯೂಟರನ್ನು ಆರಿಸಿ ಮತ್ತೆ ಶುರು ಮಾಡಿದಳು. ಈ ಸಲ ಕೊನೆಯ ಚಿತ್ರದಿಂದ ಮೊದಲಿನದಕ್ಕೆ ಓಡಿಸಿದಳು. ಆಪರೇಟಿಂಗ್ ಸಿಸ್ಟಮ್ ಪಾಪ, ಮುಂದಿನದೇ ಬೇಕು ಅಂದುಕೊಂಡು, ಯಾರಿಗೂ ಬೇಡದ್ದನ್ನು ಮುಂಚಿತವಾಗಿ ತಂದು ತಂದು ಸುರಿಯಿತು. ಹತ್ತೊಂಬತ್ತು ಸೆಕೆಂಡು. ಮತ್ತೆ ಆರಿಸಿ, ಶುರು ಮಾಡಿ, ತನ್ನದನ್ನು ಓಡಿಸಿದಳು. ಐದು ಸೆಕೆಂಡು.

ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಅಂದ್ರೆ ಡಾಕ್ಟರು...”

“ನಿ... ನಿಲ್ಲಿ ಸರ್,” ಅಂದಳು ಮೆಲ್ಲಕ್ಕ. “ನಾ... ನಾನೇ ಹೇಳ್ತೀನಿ.”

ಅವಳು ತಲೆ ತಗ್ಗಿಸಲಿಲ್ಲ.

“ಡಾ... ಡಾಕ್ಟರು ಹಿ... ಹಿ... ಹಿಂದಿನಿಂದ ನೋಡ್ತಾರೆ. ಅದು ಸಿ... ಸಿಸ್ಟಮ್ಮಿಗೆ ಗೊತ್ತಿಲ್ಲ. ನ... ನಂಗೊತ್ತು.”

ಅಷ್ಟಕ್ಕೆ ಅರ್ಧ ನಿಮಿಷ ಹಿಡಿಯಿತು. ಆ ಅರ್ಧ ನಿಮಿಷ ಇಡೀ ಕೋಣೆ ಬಾಯಿ ಮುಚ್ಚಿಕೊಂಡು ಕೂತಿತ್ತು.

“ಸರಿ ಮಾರಾಯ್ತಿ,” ಮ್ಯಾನೇಜರು ಕೈಯೆತ್ತಿದರು. “ನೀನು ಬರೆದದ್ದನ್ನ ಏನು ಮಾಡೋಣ, ನೀನೇ ಹೇಳು.”

“ಇ... ಇ...”

“ಇರ್ಲಿ ಅಂತೀಯಾ?” ಬಾಯಿ ತಪ್ಪಿ ಬಂದೇಬಿಟ್ಟಿತು ಅವರಿಗೆ.

ಇರಲಿ ಅಂದರೆ ಇನ್ನೊಬ್ಬರ ಒಪ್ಪಿಗೆ ಬೇಡಿದ ಹಾಗೆ. ಮೆಲ್ಲಕ್ಕ ಅಲ್ಲ ಎಂದು ತಲೆಯಾಡಿಸಿ, ಉಸಿರು ಎಳೆದುಕೊಂಡು, ಅದೇ ಅಕ್ಷರದಿಂದ ಮತ್ತೆ ಶುರು ಮಾಡಿದಳು.

“ಇ... ಇ... ಇರುತ್ತೆ.”