ಗಂಜಿ ಆರುವ ತನಕ

ಅತ್ತೆಯ ಮೇದೋಜೀರಕ ಗ್ರಂಥಿಯ ಬಹುಭಾಗ ತೆಗೆದ ಮೇಲೆ, ಉಂಡದ್ದನ್ನು ಅರಗಿಸುವ ಕಿಣ್ವ ಕ್ಯಾಪ್ಸೂಲಿನಲ್ಲೇ ಬರಬೇಕಿತ್ತು. ಕ್ಯಾಪ್ಸೂಲು ಗಂಟಲಲ್ಲಿ ಇಳಿಯದು. ಸೊಸೆ ಅದನ್ನು ಬಿಚ್ಚಿ, ಒಳಗಿನ ಸಣ್ಣ ಕಾಳುಗಳನ್ನು ಚಮಚದಿಂದ ನುಣ್ಣಗೆ ಅರೆದು, ಹಬೆಯಾಡುವ ಗಂಜಿಗೆ ಕಲಸುತ್ತಿದ್ದಳು. ಅತ್ತೆಗೆ ಬಿಸಿಯೇ ಬೇಕು. ಆರಿದ್ದನ್ನು ಕೊಟ್ಟರೆ, "ನಿನ್ನೆಯದಾ?" ಅನ್ನುವವರು.

ಬಟ್ಟಲು ಖಾಲಿಯಾಗುತ್ತಿತ್ತು, ಅತ್ತೆ ಸೊರಗುತ್ತಿದ್ದರು. ಇನ್ನೂ ತೂಕ ಇಳಿದರೆ ಮೂಗಿಗೆ ಟ್ಯೂಬ್ ಹಾಕಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಟ್ಯೂಬ್ ಎಂದರೆ ಅತ್ತೆಗೆ ಜೀವ ಹೋದಷ್ಟು ಭಯ.

ನಾದಿನಿ ಫೋನಿನಲ್ಲೇ ಚುಚ್ಚುತ್ತಿದ್ದಳು. "ಅತ್ತಿಗೆ, ಅಮ್ಮನಿಗೆ ಹೊಟ್ಟೆತುಂಬ ಹಾಕ್ತಿದೀರಿ ತಾನೆ?"

'ಬಂದು ನೀನೇ ಹಾಕಿ ನೋಡು' ಎನ್ನಲೂ ಇವಳಿಗೆ ತ್ರಾಣವಿರಲಿಲ್ಲ.

ತಪಾಸಣೆಯ ದಿನ ಅತ್ತೆಯನ್ನು ತೂಕದ ಯಂತ್ರದಿಂದ ಇಳಿಸುತ್ತ ನರ್ಸಮ್ಮ ಕೇಳಿದರು, "ಕ್ಯಾಪ್ಸೂಲು ಹೇಗೆ ಕೊಡ್ತೀರಿ?"

ಸೊಸೆ ಹೇಳಿದಳು, ಸ್ವಲ್ಪ ಹೆಮ್ಮೆಯಿಂದಲೇ.

"ಅಯ್ಯೋ ಅಕ್ಕಾ, ಅರೀಬಾರದು! ಕಾಳಿನ ಮೇಲೊಂದು ಪದರ ಇರುತ್ತೆ. ಜಠರದ ಹುಳಿಗೆ ಕರಗಲ್ಲ, ಹುಳಿ ಕಮ್ಮಿಯಾಗೋ ಕರುಳಲ್ಲಿ ಕರಗುತ್ತೆ. ಅರೆದ್ರೆ ಆ ಹುಳಿಗೇ ಕಿಣ್ವ ಹಾಳು. ಅದಕ್ಕೂ ಮುಂಚೆ ನಿಮ್ಮ ಬಿಸಿ ಗಂಜಿ ಬೇರೆ. ಮಡಿಚಿಟ್ಟ ಸೀರೆ ಥರ ಕಿಣ್ವಕ್ಕೊಂದು ಮಡಿಕೆ ಇರುತ್ತೆ, ಆ ಆಕಾರ ಇದ್ರೇನೇ ಕೆಲಸ. ಬಿಸಿಗೆ ಮಡಿಕೆ ಬಿಚ್ಚಿಹೋಗುತ್ತೆ. ಬೆಂದ ಮೊಟ್ಟೆ ಮತ್ತೆ ಹಸಿಯಾಗುತ್ತಾ?"

ಸೊಸೆಯ ಮುಖ ಇಳಿದುಹೋಯಿತು. ದಿನಾ ಕೈ ಸೋಲುವಂತೆ ಅರೆದದ್ದೆಲ್ಲ ಇದಕ್ಕೇ?

"ಅವಳನ್ನ ಅನ್ನಬೇಡಮ್ಮ. ಬಿಸಿ ಬೇಕು ಅಂತ ಬಾಯಿ ಮಾಡಿದೋಳು ನಾನು," ಎಂದರು ಅತ್ತೆ. ಸೊಸೆಯ ಕಡೆ ತಿರುಗಿ, "ಯುದ್ಧಕ್ಕೆ ಹೊರಟ ದಂಡನ್ನ ದಾರೀಲೇ ಬೇಯಿಸಿಬಿಟ್ವಲ್ಲೇ!"

"ಕಿವುಚಿದ ತಣ್ಣನೆ ಸೇಬಿನ ಮೇಲೆ ಕಾಳು ಉದುರಿಸಿ ಕೊಡಿ, ಅಗಿಯದೆ ನುಂಗಲಿ. ಅದರ ಹಿಂದೆಯೇ ಹೋಗೋ ಗಂಜಿಯೂ ಉಗುರುಬೆಚ್ಚಗಿರಲಿ," ಎಂದರು ನರ್ಸಮ್ಮ.

ಮುಂದಿನ ತಪಾಸಣೆಯಲ್ಲಿ ತೂಕ ಏರಿರಲಿಲ್ಲ. ಇಳಿದೂ ಇರಲಿಲ್ಲ. ಡಾಕ್ಟರು ಟ್ಯೂಬಿನ ಮಾತೆತ್ತಲಿಲ್ಲ.

ಅಂದು ಸಂಜೆ ಸೊಸೆ ಗಂಜಿ ಬಗ್ಗಿಸಿ, ಮೈಮರೆತು ಬಿಸಿ ಬಟ್ಟಲನ್ನೇ ಹಿಡಿದು ಬಂದಳು.

"ಆರಲಿ ಇಡೇ."

ಇಟ್ಟು, ಏನು ಮಾಡಬೇಕೆಂದು ತೋಚದೆ ನಿಂತಳು. ಎಲ್ಲರಿಗೂ ಬಿಸಿ ಬಡಿಸಿ, ಆರಿದ್ದನ್ನು ಉಂಡೇ ಅಭ್ಯಾಸ. ಆರಲೆಂದು ಕೂತು ಕಾದವಳಲ್ಲ.

"ನಿಂತ್ರೆ ಬೇಗ ಆರುತ್ತಾ? ಕೂತ್ಕೋ. ನಿನ್ನ ದಣಿವೂ ಆರಲಿ."

ಮಂಚದ ಅಂಚಿನಲ್ಲಿ ಕೂತಳು. ಮೊಣಕಾಲು ಲಟಕ್ಕೆಂದಿತು. ಫೋನ್ ಹೊಡೆದುಕೊಂಡಿತು, ನಾದಿನಿಯದು. ಏಳಹೋದವಳ ಸೆರಗು ಹಿಡಿದು ಕೂರಿಸಿ, ಅತ್ತೆಯೇ ಎತ್ತಿಕೊಂಡರು.

"ಅವಳು ಈಗ ಸಿಗಲ್ಲ ಕಣೇ. ಗಂಜಿ ಆರಿಸ್ತಿದಾಳೆ."