ಸುಬ್ಬಿಯ ಅಡ್ಜಸ್ಟು

ಹೊನ್ನಾವರದ ಮೀನು ಪೇಟೆಯಲ್ಲಿ ಕೂರುವ ಸುಬ್ಬಿಗೆ ಇಂಗ್ಲಿಷ್ ಬರುವುದಿಲ್ಲ ಅಂದರೆ ತಪ್ಪಾಗುತ್ತದೆ. ಐಸು, ಬೋಟು, ಟೆಂಪೋ, ರೇಟು ಎಲ್ಲ ಅವಳ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತವೆ. ಆದರೆ ಅವೆಲ್ಲ ಬರೀ ಸಾಮಾನುಗಳ ಹೆಸರು. ಮಾಡುವ ಕೆಲಸಕ್ಕೆ ಅಂತ ಅವಳು ಇಟ್ಟುಕೊಂಡದ್ದು ಒಂದೇ ಪದ, ಅಡ್ಜಸ್ಟು. ಅದೊಂದರಲ್ಲೇ ಅವಳು ಸಂಸಾರ, ವ್ಯಾಪಾರ ಎರಡನ್ನೂ ನಡೆಸಿದ್ದಾಳೆ.

ಟೆಂಪೋದಲ್ಲಿ ಮೂವರ ಸೀಟಿಗೆ ನಾಲ್ಕನೆಯವಳಾಗಿ ಬುಟ್ಟಿ ಸಮೇತ ನುಗ್ಗಿ ಅಡ್ಜಸ್ಟ್ ಮಾಡಿ ಎನ್ನುತ್ತಾಳೆ. ಬಂಗಡೆ ಕೇಳಿದವರಿಗೆ ತಾರ್ಲೆ ತೋರಿಸಿ, ಇವತ್ತೊಂದು ದಿನ ಅಡ್ಜಸ್ಟ್ ಆಗಲಿ ಎನ್ನುತ್ತಾಳೆ. ಸೊಸೆಯ ಸಾರಿಗೆ ಉಪ್ಪು ಹೆಚ್ಚಾದರೆ, ಅನ್ನ ಹೆಚ್ಚು ಹಾಕಿಕೊಂಡು ಅಡ್ಜಸ್ಟ್ ಮಾಡಿ ಎಂದು ಗಂಡನ ಬಾಯಿ ಮುಚ್ಚಿಸುತ್ತಾಳೆ. ಅಪ್ಸರಕೊಂಡದ ಜಲಪಾತ ನೋಡಲು ಬಂದ ಪರವೂರ ಹೆಂಗಸೊಬ್ಬಳು ಒಮ್ಮೆ ತಮಾಷೆಗೆ, ಹಾಗೆಂದರೆ ಏನು ಎಂದು ಕೇಳಿದ್ದಕ್ಕೆ, ಎಲ್ಲರೂ ಒಂದೊಂದು ಗೇಣು ಸರಿದು ಯಾರೂ ಕೆಳಗೆ ಬೀಳದ ಹಾಗೆ ಕೂರುವುದು ಅಂದಿದ್ದಳು ಸುಬ್ಬಿ. ಅರ್ಥವೇನೋ ಸರಿಯೇ. ಆದರೆ ಅರ್ಥ ಗೊತ್ತಿದ್ದವರೆಲ್ಲ ಸರಿದು ಕೂರುತ್ತಾರೆಂದು ಯಾರು ಹೇಳಿದರು?

ಪೇಟೆಯ ಕಟ್ಟೆಯ ಮೇಲೆ ಯಾರ ಜಾಗಕ್ಕೂ ಗೆರೆಯಿಲ್ಲ. ಅತ್ತೆ ಕೂತ ಕಡೆ ಸೊಸೆ ಕೂರುತ್ತಾಳೆ, ಅಷ್ಟೆ. ಮನೆಯಲ್ಲಿ ಸಾವೋ ಬಾಣಂತನವೋ ಆಗಿ ಒಬ್ಬಳು ಬರಲಾಗದಿದ್ದರೆ ಪಕ್ಕದವಳು ತನ್ನ ಬುಟ್ಟಿಗಳನ್ನು ಅಗಲಕ್ಕೆ ಹರಡಿ ಅವಳ ಜಾಗವನ್ನೂ ತುಂಬಿಕೊಂಡು ಕೂರಬೇಕು. ಖಾಲಿ ಕಂಡರೆ ಬೇರೆ ಯಾರಾದರೂ ಬಂದು ಬೇರು ಬಿಡುತ್ತಾರೆ. ಅವಳು ತಿರುಗಿ ಬಂದ ದಿನ ಪಕ್ಕದವಳು ತನ್ನ ಬುಟ್ಟಿ ಎಳೆದುಕೊಂಡು ಜಾಗ ಬಿಡಬೇಕು. ಇದಕ್ಕೆ ಅವರು ಜಾಗ ಹಿಡಿಯುವುದು ಅನ್ನುತ್ತಾರೆ.

ಸುಬ್ಬಿಯ ಬಲಕ್ಕೆ, ಕಂಬದ ಬದಿಗೆ, ಮಾದೇವಿಯ ಜಾಗ. ನೆರಳೂ ಉಂಟು, ದಾರಿಗೂ ಎದುರು; ಪೇಟೆಗೆ ಕಾಲಿಟ್ಟವರ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ. ಹೋದ ವರ್ಷದ ಮಳೆಗಾಲದಲ್ಲಿ ಮಾದೇವಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಸುಬ್ಬಿ ಜಾಗ ಹಿಡಿದಳು. ಮೊದಮೊದಲು ಅಲ್ಲೊಂದು ಖಾಲಿ ಬುಟ್ಟಿ ಇಟ್ಟಳು. ಖಾಲಿ ಯಾಕಿರಬೇಕು ಅಂತ ಆಮೇಲೆ ಅದರಲ್ಲಿ ಶೆಟ್ಲಿ, ಅಂದರೆ ಸಿಗಡಿ, ಹಾಕಿದಳು. ತನ್ನ ಹಳೆಯ ಜಾಗದಲ್ಲಿ ಸಂಜೆಯವರೆಗೂ ಉಳಿಯುತ್ತಿದ್ದ ಶೆಟ್ಲಿ ಅಲ್ಲಿ ಮಧ್ಯಾಹ್ನದೊಳಗೆ ಮುಗಿಯತೊಡಗಿತು. ಕೊನೆಗೆ ತಾನೇ ಕಂಬಕ್ಕೆ ಬೆನ್ನು ಕೊಟ್ಟು ಕೂತಳು. ಬುಟ್ಟಿ ಹೊತ್ತು ಹೊತ್ತು ನೊಂದ ಬೆನ್ನಿಗೆ ಅದು ಹಿತವಾಯಿತು. ಜಾಗ ತನ್ನದಲ್ಲ ಅನ್ನುವುದು ಅವಳಿಗೆ ಮರೆತುಹೋಗಿರಲಿಲ್ಲ, ನೆನಪು ಮಾಡಿಕೊಳ್ಳುತ್ತಿರಲಿಲ್ಲ ಅಷ್ಟೆ.

ದೀಪಾವಳಿ ಕಳೆದ ಮೇಲೆ ಮಾದೇವಿಯ ಸೊಸೆ ಸೌಜನ್ಯಾ ಬುಟ್ಟಿ ಹೊತ್ತು ಬಂದಳು. ಮಾದೇವಿ ಇನ್ನು ಪೇಟೆಗೆ ಬರುವಂತಿರಲಿಲ್ಲ. ಮನೆ ನಡೆಯಬೇಕಾದರೆ ಇವಳೇ ಕೂರಬೇಕು. ಕುಮಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ, ಮೀನು ಪೇಟೆಯ ರೀತಿ ಗೊತ್ತಿಲ್ಲ. ಕೇಳಬೇಕಾದ್ದನ್ನು ತನಗೆ ಬಂದ ಮರ್ಯಾದೆಯಲ್ಲಿ ಕೇಳಿದಳು.

“ಚಿಕ್ಕಿ, ಸ್ವಲ್ಪ ಅಡ್ಜಸ್ಟ್ ಮಾಡ್ತ್ರಾ?”

ಸುಬ್ಬಿ ಕೂತಲ್ಲಿಂದ ಅಲ್ಲಾಡಲಿಲ್ಲ. ಇದು ನಮ್ಮ ಜಾಗ ಅಂತ ಹುಡುಗಿ ಕೇಳಿದ್ದರೆ ಕೊಡದೆ ಗತಿಯಿರಲಿಲ್ಲ. ಅಡ್ಜಸ್ಟ್ ಅಂದಮೇಲೆ ಅದು ಉಪಕಾರವಾಯಿತು. ಉಪಕಾರವನ್ನು ಇವತ್ತೂ ಮಾಡಬಹುದು, ನಾಳೆಗೂ ಇಡಬಹುದು. ಇವತ್ತು ಮೀನು ಜಾಸ್ತಿಯಿದೆ, ನಾಳೆ ನೋಡುವ ಎಂದಳು. ನಾಳೆ ಹೋಗಿ ನಾಡಿದ್ದಾಯಿತು, ನಾಡಿದ್ದು ಹೋಗಿ ಹುಣ್ಣಿಮೆ ಕಳೆಯಲಿ ಅಂತಾಯಿತು.

ಹುಡುಗಿ ಜಗಳ ಕಾಯಲಿಲ್ಲ. ಕಟ್ಟೆಯ ಕೆಳಗೆ, ಬಿಸಿಲು ಬೀಳುವ ಕಡೆ ಗೋಣಿ ಹಾಸಿ ಕೂತಳು. ಹೊತ್ತು ಏರುವುದರೊಳಗೆ ಅವಳ ತಾರ್ಲೆಯ ಕಣ್ಣು ಕೆಂಪಾಗಿ ಹೊಟ್ಟೆ ಒಡೆಯುತ್ತಿತ್ತು. ಸಾಲಿನ ಹೆಂಗಸರು ಸುಬ್ಬಿಯತ್ತ ಎಲೆಯಡಿಕೆ ಚೀಲ ಚಾಚುವುದನ್ನು ನಿಲ್ಲಿಸಿದರು. ಸುಬ್ಬಿ ಮನೆಯಿಂದಲೇ ಎಲೆ ತಂದು ಅದನ್ನೂ ಅಡ್ಜಸ್ಟ್ ಮಾಡಿಕೊಂಡಳು. ಒಬ್ಬಳೇ ಜಗಿದ ಎಲೆ ಯಾಕೋ ಕೆಂಪೇರುತ್ತಿರಲಿಲ್ಲ.

ಒಂದು ದಿನ ತಡೆಯಲಾರದೆ ಅವಳೇ ಹುಡುಗಿಯನ್ನು ಕೇಳಿದಳು, ಜಾಗದ ಬಗ್ಗೆ ಮನೆಯಲ್ಲಿ ಮಾದೇವಿ ಏನೆನ್ನುತ್ತಾಳೆ ಎಂದು. ಬೈಗುಳಕ್ಕೆ ತಯಾರಾಗಿಯೇ ಕೇಳಿದ್ದು. ಮಾದೇವಿ ಬೈದಿದ್ದರೆ ತಾನೂ ಎರಡು ಮಾತು ಅಂದು ಹಗುರಾಗಬಹುದಿತ್ತು.

“ಎಂತ ಹೇಳುದು ಚಿಕ್ಕಿ,” ಸೌಜನ್ಯಾ ಹಾಳಾದ ಮೀನನ್ನು ಬೇರೆ ತೆಗೆಯುತ್ತ ಅಂದಳು. “‘ಸುಬ್ಬಿ ಇಲ್ದೇ ಹೋದ್ರೆ ನಮ್ಮ ಜಾಗ ಯಾವಾಗ್ಲೋ ಹೋಗ್ತಿತ್ತು, ಅವ್ಳಿಗೆ ತ್ರಾಸ ಕೊಡ್ಬೇಡ’ ಹೇಳ್ತ್ರು ಅತ್ತೆ.”

ಮಾತಿನಲ್ಲಿ ಮೊನೆಯಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಹುಡುಗಿ ಮತ್ತೆ ಮೀನಿಗೆ ನೀರು ಚಿಮುಕಿಸತೊಡಗಿದಳು. ಸುಬ್ಬಿಗೆ ನಾಚಿಕೆಯಾಯಿತು. ಆಯುಷ್ಯವೆಲ್ಲ ಮೀನು ಪೇಟೆಯಲ್ಲಿ ಬಾಯಿ ಮಾಡಿದವಳಿಗೆ ಸುಲಭಕ್ಕೆ ಆಗುವಂಥದ್ದಲ್ಲ ಅದು. ಗಿರಾಕಿಯೊಬ್ಬ ನೊಗಲಿ ಮೀನಿನ ರೇಟು ಕೇಳುತ್ತ ನಿಂತಿದ್ದ. ಅವನಿಗೆ ಉತ್ತರ ಕೊಡದೆ ಎದ್ದಳು. ಹಲಗೆ, ಕತ್ತಿ, ತಕ್ಕಡಿ ಒಂದೊಂದನ್ನೇ ತನ್ನ ಹಳೆಯ ಜಾಗಕ್ಕೆ ಎಳೆದಳು.

ಸೌಜನ್ಯಾ ಗಡಬಡಿಸಿ ಕಟ್ಟೆ ಹತ್ತಿ ಬಂದಳು. ಪೂರ್ತಿ ಬೇಡ ಚಿಕ್ಕಿ, ಅರ್ಧ ಸಾಕು, ಹೇಗೋ ಅಡ್ಜಸ್ಟ್ ಮಾಡಿಕೊಳ್ಳುತ್ತೇನೆ ಎಂದಳು.

“ಅಡ್ಜಸ್ಟ್ ಹೇಳ್ಬೇಡ,” ಸುಬ್ಬಿ ಅಂದಳು. “ಇದು ನಿಮ್ಮ ಜಾಗ. ‘ನಿಮ್ಮ ಬುಟ್ಟಿ ತೆಗೀರಿ’ ಹೇಳು ನಂಗೆ.”

ಅತ್ತೆಯ ವಯಸ್ಸಿನವಳಿಗೆ ಹಾಗೆನ್ನಲು ಹುಡುಗಿಗೆ ಬಾಯಿ ಬರಲಿಲ್ಲ. ಶೆಟ್ಲಿ ಬುಟ್ಟಿ ಇನ್ನೂ ಕಂಬದ ಬುಡದಲ್ಲೇ ಇತ್ತು. ಸುಬ್ಬಿ ಅದನ್ನು ಮುಟ್ಟದೆ ಕಾದಳು. ಸಾಲಿನ ಹೆಂಗಸರು ವ್ಯಾಪಾರ ಬಿಟ್ಟು ಇತ್ತಲೇ ನೋಡುತ್ತಿದ್ದರು.

“ನಿಮ್ಮ ಬುಟ್ಟಿ ತೆಗೀರಿ ಚಿಕ್ಕಿ,” ಕಡೆಗೆ ಸೌಜನ್ಯಾ ಸಣ್ಣ ದನಿಯಲ್ಲಿ ಅಂದಳು.

“ಆತು,” ಅಂದಳು ಸುಬ್ಬಿ, ಮತ್ತು ತೆಗೆದಳು.