ಹಾಲೇಶನ ಮಾಲೆ, ಅಮ್ಮನ ರೊಟ್ಟಿ

ಮಾರ್ಚ್ ಬಂದರೂ ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಂದಿರಲಿಲ್ಲ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಎರಡೂ ಕಡೆ ರೊಬಸ್ಟಾ ಗಿಡಗಳು ಮೊಗ್ಗು ಕಟ್ಟಿಕೊಂಡು ನೀರಿಗೆ ಕಾಯುತ್ತಿದ್ದವು. ಅನುಕೂಲಸ್ಥರ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ಹಾಲೇಶನ ಪೈಪುಗಳು ಮಾತ್ರ ಕೆರೆಯ ಪಕ್ಕ ಸುಮ್ಮನೆ ಮಲಗಿದ್ದವು. ನೀರೆತ್ತುವ ಹಳೇ ಡೀಸೆಲ್ ಎಂಜಿನ್ ಕೈಕೊಟ್ಟಿತ್ತು. ಹೊಸದಕ್ಕೆಂದು ಹೆಂಡತಿ ತನುಜಾ ಮೆಣಸು ಮಾರಿದ ದುಡ್ಡನ್ನು ಬೀರುವಿನಲ್ಲಿ ಎತ್ತಿಟ್ಟಿದ್ದಳು. ಬೇಗ ನೀರು ಬೀಳದಿದ್ದರೆ ಮೊಗ್ಗೆಲ್ಲ ಒಣಗಿ, ಆ ವರ್ಷದ ಬೆಳೆ ಕೈತಪ್ಪಿದಂತೆಯೇ.

ಇಂಥ ಹೊತ್ತಿನಲ್ಲಿ ಹಾಲೇಶ ಬೆಳಿಗ್ಗೆ ಎದ್ದು ಆಕಾಶ ನೋಡುವುದು ಬಿಟ್ಟು ಟಿ.ವಿ. ನೋಡುತ್ತಿದ್ದ. ಟಿ.ವಿ.ಯಲ್ಲಿ ಅಮೆರಿಕದವರು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು.

ಆಟದ ಮೇಲೆ ಅವನಿಗೇನೂ ಅಂಥ ಪ್ರೀತಿ ಇರಲಿಲ್ಲ. ಮೂಡಿಗೆರೆ ಪೇಟೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಗಿಡ್ಡಪ್ಪ, ಕ್ರಿಕೆಟ್ ಇಲ್ಲದ ದಿನ ಕೈ ಖಾಲಿ ಕೂರಬಾರದೆಂದು ಈ ಆಟಕ್ಕೂ ಬೆಟ್ಟಿಂಗ್ ಶುರುಮಾಡಿದ್ದ. ಅದರಲ್ಲಿ 'ಮಾಲೆ' ಎಂಬುದೊಂದಿತ್ತು. ನಾಲ್ಕು ಆಟ ಆರಿಸಿ, ಗೆಲ್ಲುವ ನಾಲ್ಕು ಟೀಮನ್ನು ಒಂದೇ ಚೀಟಿಯಲ್ಲಿ ಬರೆಸಬೇಕು. ನಾಲ್ಕೂ ಗೆದ್ದರೆ ಕಟ್ಟಿದ್ದರ ಎರಡರಷ್ಟು ಬರುತ್ತದೆ. ಒಂದೇ ಒಂದು ಸೋತರೂ ಪೂರ್ತಿ ಗಿಡ್ಡಪ್ಪನ ಜೇಬಿಗೆ.

ಹಾಲೇಶನಿಗೆ ಟೀಮುಗಳ ಹೆಸರು ನಾಲಿಗೆಗೆ ಹತ್ತುತ್ತಿರಲಿಲ್ಲ. ಹಳದಿ ಅಂಗಿಯವರು, ಹಸಿರು ಅಂಗಿಯವರು ಎಂದೇ ಗುರುತು ಇಟ್ಟುಕೊಂಡಿದ್ದ. ಒಂದು ದಿನ ಹಳದಿಯವರು ಬಿಳಿ ಅಂಗಿ ಹಾಕಿಕೊಂಡು ಬಂದಾಗ ಅರ್ಧ ಆಟದವರೆಗೂ ಎದುರಾಳಿಗೆ ಚಪ್ಪಾಳೆ ತಟ್ಟಿದ್ದ. ಆದರೂ ಲೆಕ್ಕಾಚಾರಕ್ಕೇನೂ ಕೊರತೆ ಇರಲಿಲ್ಲ. "ತಮ್ಮ ಊರಲ್ಲೇ ಆಡೋರನ್ನೇ ಹಿಡೀಬೇಕು. ನಿನ್ನೆ ಆಡಿ ಸುಸ್ತಾದೋರನ್ನ ಬಿಡಬೇಕು. ಹಣ್ಣಾದ ಕಾಫಿ ಮಾತ್ರ ಕೊಯ್ದ ಹಾಗೆ" ಎಂದು ತನುಜಾಗೆ ಪಾಠ ಮಾಡುತ್ತಿದ್ದ.

"ಎಂಜಿನ್ ಯಾವಾಗ ತರ್ತೀರಿ?" ಎಂದಳು ತನುಜಾ.

"ಸೋಮವಾರದ ಆಟಕ್ಕೆ ಆ ದುಡ್ಡು ಹಾಕ್ತೀನಿ. ಎಂಜಿನ್ನೂ ಬರುತ್ತೆ, ಒಂದು ಹಳೇ ಬೈಕೂ ಬರುತ್ತೆ."

ತನುಜಾ ಬೀರುವಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಶನಿವಾರ ಮಧ್ಯಾಹ್ನ ಗಿರಿಜಾಂಬಾ ಮೇಡಂ ಬಂದರು. ಅವರು ಮೂಡಿಗೆರೆಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್, ತನುಜಾಳ ಗೆಳತಿ. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು. ಅವರನ್ನು ಕರೆಸಿದ್ದು ತನುಜಾ. ಆದರೆ ಹೆಚ್ಚು ಖುಷಿಯಾದದ್ದು ಹಾಲೇಶನಿಗೆ.

"ಮೇಡಂ, ನೀವು ಆಟ ಬಲ್ಲೋರು. ನನ್ನ ಮಾಲೆ ಸ್ವಲ್ಪ ನೋಡಿ."

ಮೇಡಂ ಎಲ್ಲ ಕೇಳಿಸಿಕೊಂಡರು. "ಟೀಮ್ ಆರಿಸಿದ್ದು ತಪ್ಪಿಲ್ಲ ಹಾಲೇಶಣ್ಣ. ಒಂದೊಂದೂ ಐದು ಸಲ ಆಡಿದ್ರೆ ನಾಲ್ಕು ಸಲ ಗೆಲ್ಲೋ ಟೀಮೇ."

ಹಾಲೇಶ ಹೆಂಡತಿಯ ಕಡೆ ನೋಡಿ ಮೀಸೆ ಸವರಿದ.

"ಆದರೆ ನಾಲ್ಕೂ ಒಂದೇ ದಿನ ಗೆಲ್ಲಬೇಕಲ್ಲ. ಅದು ನೂರಕ್ಕೆ ನಲವತ್ತು ಸಲ ಅಷ್ಟೆ. ಅರವತ್ತು ಸಲ ನಿಮಗೆ ಬರಿಗೈ. ಗೆದ್ದಾಗ ಗಿಡ್ಡಪ್ಪ ಎರಡರಷ್ಟು ಮಾತ್ರ ಕೊಡ್ತಾನೆ. ನೂರು ಸಲ ಕಟ್ಟಿದ್ರೆ ಎಂಬತ್ತು ಸಲದ್ದು ವಾಪಸ್ ಬಂತು, ಇಪ್ಪತ್ತು ಸಲದ್ದು ಅವನ ಮನೇಲೇ ಉಳೀತು. ಮಾಲೆ ಉದ್ದ ಆದಷ್ಟೂ ಲಾಭ ಅವನಿಗೇ."

"ಲೆಕ್ಕ ಬೇರೆ, ಅನುಭವ ಬೇರೆ ಮೇಡಂ. ಖಂಡಿತ ನಡೆಯೋದನ್ನೇ ಆರಿಸಿದ್ರೆ ತಪ್ಪೋದು ಹೇಗೆ?"

ಮೇಡಂ ಕಾಫಿ ಲೋಟ ಕೆಳಗಿಟ್ಟರು. "ಹಾಗಾದ್ರೆ ಅಮೆರಿಕ ಬೇಡ. ನಿಮ್ಮ ಮನೇದೇ ಒಂದು ಮಾಲೆ ಕಟ್ಟಿ. ನಾಳೆ ಬೆಳಿಗ್ಗೆ ಖಂಡಿತ ನಡೆಯೋ ನಾಲ್ಕು ಸಂಗತಿ, ನೀವೇ ಆರಿಸಿ. ನಾಲ್ಕೂ ನಡೆದ್ರೆ ತನುಜಾ ಬೀಗದ ಕೈ ಕೊಡ್ತಾಳೆ. ಒಂದು ತಪ್ಪಿದ್ರೂ ಸೋಮವಾರ ಎಂಜಿನ್."

ಬೆಟ್ ಬಿಡಿಸಲು ಕರೆಸಿದವರೇ ಬೆಟ್ ಕಟ್ಟುತ್ತಿದ್ದಾರಲ್ಲ ಎಂದು ತನುಜಾಗೆ ಸಿಟ್ಟು ಬಂತು. ಆದರೆ ಹಾಲೇಶ ಆಗಲೇ ಬೆರಳು ಮಡಚುತ್ತಿದ್ದ.

"ಒಂದು, ಪಕ್ಕದ ಮನೆ ಪುಟ್ಟಸ್ವಾಮಿ ನಾವು ಕಾಫಿ ಕುಡಿಯೋ ಹೊತ್ತಿಗೆ ಸರಿಯಾಗಿ ಪೇಪರ್ ಕೇಳ್ಕೊಂಡು ಬರ್ತಾನೆ. ಎರಡು, ಕರೆಂಟ್ ಹೋಗುತ್ತೆ. ಮೂರು, ಬೆಳಗಿನ ಬಸ್ಸು ಲೇಟು. ನಾಲ್ಕು..." ಹಾಲೇಶ ದನಿ ತಗ್ಗಿಸಿದ. "ಅಮ್ಮ ರೊಟ್ಟಿ ದಪ್ಪ ಆಯ್ತು ಅಂತಾರೆ."

ನಾಲ್ಕನೆಯದಕ್ಕೆ ತನುಜಾ ಕೂಡ ತಲೆಯಾಡಿಸಿದಳು. ಅವಳು ಮದುವೆಯಾಗಿ ಬಂದ ದಿನದಿಂದ ಅತ್ತೆ ಶಿವಗಂಗಮ್ಮ ಆ ಮಾತು ಹೇಳದೆ ತಟ್ಟೆಗೆ ಕೈ ಹಾಕಿದ್ದೇ ಇಲ್ಲ. ಜ್ವರ ಬಂದು ಗಂಜಿ ಕುಡಿಯುವಾಗಲೂ, ಪಕ್ಕದ ತಟ್ಟೆಯ ರೊಟ್ಟಿ ನೋಡಿ ಹೇಳಿದ್ದರು.

ಭಾನುವಾರ ಬೆಳಿಗ್ಗೆ ಕಾಫಿ ಬಸಿಯುವಾಗಲೇ ಅಂಗಳದಲ್ಲಿ ಕೆಮ್ಮು ಕೇಳಿಸಿತು. "ಪೇಪರ್ ಬಂತಾ ಹಾಲೇಶಣ್ಣ?" ಎಂದ ಪುಟ್ಟಸ್ವಾಮಿ. ಹಾಲೇಶ ಅವನನ್ನು ಕೈಹಿಡಿದು ಒಳಗೆ ಕರೆದು, ಕುರ್ಚಿ ಕೊಟ್ಟು, ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿಸಿದ. ಇಷ್ಟು ವರ್ಷದಲ್ಲಿ ಇಲ್ಲದ ಈ ಮರ್ಯಾದೆಗೆ ಪುಟ್ಟಸ್ವಾಮಿ ಗಾಬರಿಯಾಗಿ, ಪೇಪರನ್ನೂ ತೆಗೆದುಕೊಳ್ಳದೆ ಬೇಗ ಎದ್ದು ಹೋದ.

ಸ್ವಲ್ಪ ಹೊತ್ತಿಗೆ ಟಿ.ವಿ. ಪಟ್ಟನೆ ಆರಿತು. ಕರೆಂಟ್ ಹೋದದ್ದಕ್ಕೆ ಆ ಮನೆಯಲ್ಲಿ ಯಾರಾದರೂ ಕುಣಿದದ್ದು ಅದೇ ಮೊದಲು.

ಬಸ್ಸೂ ಲೇಟಾಯಿತು. ಅದರಿಂದ ಇಳಿದ ಗಿರಿಜಾಂಬಾ ಮೇಡಂ ಬೆವರು ಒರೆಸಿಕೊಳ್ಳುತ್ತಾ ಬಂದರು. "ದಾರೀಲಿ ಟಯರ್ ಪಂಕ್ಚರ್" ಎಂದರು. ಹಾಲೇಶನ ಮುಖ ಅರಳಿತು. ತನುಜಾಳ ಕೈ ತಾನಾಗಿಯೇ ಸೊಂಟದ ಬೀಗದ ಕೈ ಮುಟ್ಟಿ ನೋಡಿತು.

ಶಿವಗಂಗಮ್ಮ ಊಟದ ಮಣೆಯ ಮೇಲೆ ಕೂತರು. ತನುಜಾ ಅಕ್ಕಿರೊಟ್ಟಿ ಬಡಿಸಿದಳು. ಗಡಿಬಿಡಿಯಲ್ಲಿ ತಟ್ಟಿದ ರೊಟ್ಟಿ ಅಂದು ನಿಜವಾಗಿಯೂ ದಪ್ಪವಾಗಿತ್ತು. ಹಾಲೇಶ ಕಂಬಕ್ಕೆ ಒರಗಿ, ಆಗಲೇ ಬೈಕಿನ ಬಣ್ಣ ಯೋಚಿಸುತ್ತಿದ್ದ. ಶಿವಗಂಗಮ್ಮ ಒಂದು ಚೂರು ಮುರಿದು ಚಟ್ನಿಗೆ ಅದ್ದಿದರು, ನಿಧಾನವಾಗಿ ಅಗಿದರು, ನುಂಗಿದರು.

"ರೊಟ್ಟಿ ಇವತ್ತು ಚೆನ್ನಾಗಾಗಿದೆ" ಎಂದರು.

ತನುಜಾಳ ಕೈಯಿಂದ ಸಟ್ಟುಗ ಜಾರಿ ಬಿತ್ತು.

"ಅಮ್ಮ, ಸರಿಯಾಗಿ ನೋಡಿ ಹೇಳಿ. ದಪ್ಪ ಇಲ್ವಾ?" ಎನ್ನುತ್ತಾ ಹಾಲೇಶ ಮುಂದೆ ಬಂದ.

"ತೆಳ್ಳಗಿದೆ ಮಾರಾಯ. ಕಾಗದದ ಹಾಗಿದೆ."

"ಇದು ಮೋಸ" ಎಂದ ಹಾಲೇಶ. "ನಿನ್ನೆ ನಾವು ಮಾತಾಡಿದ್ದನ್ನ ಅಮ್ಮ ಕೇಳಿಸ್ಕೊಂಡಿದ್ದಾರೆ. ಬೇಕಂತಲೇ ಹೇಳಿದ್ದು."

"ಕಿವಿ ಇದ್ದ ಮೇಲೆ ಕೇಳಿಸದೆ ಇರುತ್ತಾ? ನಿಮ್ಮಪ್ಪ ನೆಟ್ಟ ಗಿಡ ಒಣಗೋದನ್ನ ನೋಡ್ಕೊಂಡು ನಾನು ರೊಟ್ಟಿ ವಿಚಾರ ಮಾತಾಡ್ಲಾ?" ಎಂದು ಶಿವಗಂಗಮ್ಮ ಇನ್ನೊಂದು ಚೂರು ಮುರಿದರು.

ಗಿರಿಜಾಂಬಾ ಮೇಡಂ ನಗಲಿಲ್ಲ. "ಹಾಲೇಶಣ್ಣ, ಹೆತ್ತ ತಾಯಿ, ಒಂದೇ ಮನೆ. ಇವರು ಏನು ಹೇಳ್ತಾರೆ ಅನ್ನೋದೇ ನಿಮಗೆ ಗೊತ್ತಾಗಲಿಲ್ಲ. ಅಲ್ಲಿ ಹಳದಿ ಅಂಗಿಯವನಿಗೆ ಇವತ್ತು ಕಾಲುನೋವೋ, ಕೋಚ್ ಅವನನ್ನ ಆಡಿಸ್ತಾನೋ ಕೂರಿಸ್ತಾನೋ, ನಿಮಗೆ ಬಂದು ಯಾರು ಹೇಳ್ತಾರೆ?"

ಹಾಲೇಶ ಸೋಮವಾರ ಎಂಜಿನ್ ತರಲು ಒಪ್ಪಿದ. ಮಾತು ಕೊಟ್ಟಾಗಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸೋಮವಾರ ಬೆಳಿಗ್ಗೆ ಅವನು ಆರಿಸಿದ್ದ ನಾಲ್ಕೂ ಟೀಮು ಗೆದ್ದುಬಿಟ್ಟವು. ಹಾಲೇಶ ತಿಂಡಿ ತಿನ್ನಲಿಲ್ಲ. "ಬೈಕು ಹೋಯ್ತು" ಎಂದು ಒಂದೇ ಸಮನೆ ಗೊಣಗುತ್ತಾ, ತನುಜಾ ಎಣಿಸಿ ಕೊಟ್ಟ ದುಡ್ಡನ್ನು ಜೇಬಿಗಿಟ್ಟು, ಎಂಜಿನ್ ತರಲು ಮೂಡಿಗೆರೆಗೆ ಹೊರಟ.

ಪೇಟೆಯಲ್ಲಿ ಗಿಡ್ಡಪ್ಪನ ಅಂಗಡಿಗೆ ಬೀಗ. ಮುಂದೆ ಒಂದಷ್ಟು ಜನ ಚೀಟಿ ಹಿಡಿದು ನಿಂತಿದ್ದರು. ಅವರಲ್ಲಿ ಒಬ್ಬ ಹಾಲೇಶನ ಮಾಲೆಯನ್ನೇ ಕಟ್ಟಿ ಗೆದ್ದವನು.

"ಏನಾಯ್ತು ಮಾರಾಯ?"

"ಗಿಡ್ಡಪ್ಪ ನಿನ್ನೆ ಸಂಜೇನೇ ಊರು ಬಿಟ್ಟಿದ್ದಾನೆ. ಕಟ್ಟಿದ ದುಡ್ಡೂ ಹೋಯ್ತು."

"ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡು."

"ಏನಂತ ಕೊಡ್ಲಿ? ಬೆಟ್ ಕಟ್ಟಿದ್ದೆ ಅಂದ್ರೆ ಮೊದಲು ನನ್ನನ್ನೇ ಒಳಗೆ ಕೂರಿಸ್ತಾರೆ."

ಹಾಲೇಶ ಜೇಬಿನ ಮೇಲೆ ಕೈ ಒತ್ತಿಕೊಂಡು ಸೀದಾ ಎಂಜಿನ್ ಅಂಗಡಿಗೆ ನಡೆದ. ದಾರಿಯುದ್ದಕ್ಕೂ ಕೈ ತೆಗೆಯಲಿಲ್ಲ. ಸೋತವನಿಗೂ ಇಲ್ಲ, ಗೆದ್ದವನಿಗೂ ಇಲ್ಲ. ಇಂಥ ಆಟಕ್ಕೆ ಹೆಂಡತಿಯ ಮೆಣಸಿನ ದುಡ್ಡು ಸುರಿಯಲು ಹೊರಟಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ಅಂದು ಸಂಜೆಯೇ ಸ್ಪ್ರಿಂಕ್ಲರ್ ತಿರುಗಿತು. ಒಂದು ವಾರ ಕಳೆಯುತ್ತಲೇ ತೋಟವೆಲ್ಲ ಬೆಳ್ಳಗಾಗಿ, ಹೂವಿನ ವಾಸನೆ ಅಡಿಗೆಮನೆಯವರೆಗೂ ಬಂತು. ಹಾಲೇಶ ಹೂ ನೋಡಿಕೊಂಡು ಒಳಗೆ ಬಂದಾಗ ಶಿವಗಂಗಮ್ಮ ತಿಂಡಿಗೆ ಕೂತಿದ್ದರು.

"ರೊಟ್ಟಿ ದಪ್ಪ ಆಯ್ತು ಕಣೆ ತನುಜಾ" ಎಂದರು.

ಆ ಮಾತು ಕೇಳಿ ಹಾಲೇಶನಿಗೆ ಆದಷ್ಟು ಸಮಾಧಾನ ಬೈಕು ಬಂದಿದ್ದರೂ ಆಗುತ್ತಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀರುವಿನಲ್ಲೂ ಯಾವುದೋ ಕೆಲಸಕ್ಕೆ ಎತ್ತಿಟ್ಟ ದುಡ್ಡು ಇರುತ್ತದೆ. ನಾಲ್ಕು ಟೀಮು ಸೇರಿಸಿ ಮಾಲೆ ಕಟ್ಟು ಎಂದು ಯಾರಾದರೂ ಹೇಳಿದರೆ, ಅದರ ಲೆಕ್ಕ ಯಾರ ಕಡೆ ವಾಲಿದೆ ಎಂದು ಕೇಳಿ. ಗೆದ್ದರೆ ಕೊಡುವವರು ಯಾರು, ಕೊಡದಿದ್ದರೆ ಎಲ್ಲಿ ದೂರು ಕೊಡುತ್ತೀರಿ ಎಂದೂ ಯೋಚಿಸಿ. ಆಟ ಚೆಂದವಾಗಿದೆ, ಕೂತು ನೋಡಿ. ಬೀಗದ ಕೈ ಮಾತ್ರ ಸೊಂಟದಲ್ಲೇ ಇರಲಿ.